ಅಗಸೆ ಎಣ್ಣೆ: ಎರಡು ವರ್ಷ, ದಿನಕ್ಕೊಂದು ಚಮಚ

ನಾನು ಮೀನು ತಿನ್ನುವುದಿಲ್ಲ. ಮೀನಿನಲ್ಲಿ ಸಿಗುವ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಬೇರೆ ಎಲ್ಲಿಂದಾದರೂ ಸಿಗಲಿ ಅಂತ ಎರಡು ವರ್ಷದ ಹಿಂದೆ ಅಗಸೆ ಎಣ್ಣೆ ಶುರು ಮಾಡಿದೆ. ಈಗಲೂ ಬಿಟ್ಟಿಲ್ಲ. ಆದರೆ ಮೊದಲ ಬಾಟಲಿಯ ಅರ್ಧ ಭಾಗ ಚೆಲ್ಲಿದ್ದೇನೆ, ಅದನ್ನೇ ಮೊದಲು ಹೇಳುತ್ತೇನೆ.

ಉಳಿತಾಯ ಆಗುತ್ತೆ ಅಂತ 500 ಮಿಲಿಯ ದೊಡ್ಡ ಬಾಟಲಿ ತಂದಿದ್ದೆ. ಬಿಳಿ ಪಾರದರ್ಶಕ ಪ್ಲಾಸ್ಟಿಕ್, ಒಲೆ ಪಕ್ಕದ ಕಪಾಟು. ಎರಡು ತಿಂಗಳು ಕಳೆಯುವುದರೊಳಗೆ ಮುಚ್ಚಳ ತೆಗೆದರೆ ಪೇಂಟ್ ಡಬ್ಬಿ ತೆರೆದ ಹಾಗೆ ವಾಸನೆ. ಇದರ ಗುಣವೇ ಹೀಗೆ ಇರಬೇಕು ಅಂದುಕೊಂಡು ಇನ್ನೂ ಒಂದು ವಾರ ನುಂಗಿದೆ! ಆಮೇಲೆ ತಿಳಿಯಿತು, ಎಣ್ಣೆ ಕಮಟಾಗಿತ್ತು. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಎಎಲ್‌ಎ ಎಂಬ ಒಮೆಗಾ-3. ಅದಕ್ಕೆ ಗಾಳಿ ತಾಗಿದರೆ ಆಮ್ಲಜನಕ ಹೀರಿಕೊಂಡು ಕೆಡುತ್ತದೆ. ಬೆಳಕು, ಬಿಸಿ ಸೇರಿದರೆ ಇನ್ನೂ ಬೇಗ. ಚಿತ್ರ ಬರೆಯುವವರ ಬಣ್ಣಕ್ಕೆ ಇದೇ ಎಣ್ಣೆ ಬೆರೆಸುವುದೂ ಅದಕ್ಕೇ: ಗಾಳಿ ಹೀರಿ ಗಟ್ಟಿಯಾಗಿ ಒಣಗುತ್ತದೆ. ಕ್ಯಾನ್ವಾಸಿಗೆ ಒಳ್ಳೆಯದು, ಹೊಟ್ಟೆಗಲ್ಲ.

ಲೆಕ್ಕ ಸುಲಭವಿತ್ತು, ನಾನು ಹಾಕಿರಲಿಲ್ಲ ಅಷ್ಟೇ. ದಿನಕ್ಕೆ 5 ಮಿಲಿಯ ಸಣ್ಣ ಚಮಚ ಒಂದು. 500 ಮಿಲಿ ಅಂದರೆ 100 ದಿನ. ತೆರೆದ ಬಾಟಲಿಯನ್ನು ಆರರಿಂದ ಎಂಟು ವಾರದೊಳಗೆ ಮುಗಿಸಬೇಕು. ಈಗ ತರುವುದು 250 ಮಿಲಿ, ಕೋಲ್ಡ್ ಪ್ರೆಸ್ (ಬಿಸಿ ಮಾಡದೆ ಹಿಂಡಿದ್ದು), ಕಪ್ಪು ಗಾಜಿನ ಬಾಟಲಿ, ಇಡುವುದು ಫ್ರಿಜ್ಜಿನಲ್ಲಿ. ಅಲ್ಲಿ ಹೆಪ್ಪುಗಟ್ಟುವುದಿಲ್ಲ, ಹಾಗೇ ಸುರಿಯಬಹುದು. ತಾಜಾ ಇದ್ದಾಗ ಹಸಿ ಬೀಜ ಅಗಿದಂಥ ರುಚಿ, ಕೊನೆಗೆ ಚೂರು ಕಹಿ. ಆ ಕಹಿಗೆ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಪೇಂಟ್ ವಾಸನೆಗೆ.

ಬಿಸಿ ಮಾಡಲೇಬಾರದು. ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೇ ಹೊಗೆ ಬರುತ್ತದೆ. ಒಮ್ಮೆ ಸುಮ್ನೆ ಮೊಟ್ಟೆ ಹುರಿಯಲು ಹಾಕಿ ನೋಡಿದೆ. ಮೀನು ಬೇಡ ಅಂದವನ ಅಡುಗೆಮನೆ ತುಂಬ ಮೀನಿನ ವಾಸನೆ! ಮೊಸರಿಗೆ ಕಲಸಿಕೊಳ್ಳಿ, ಇಲ್ಲವೇ ತರಕಾರಿ ಬೆಂದು ತಟ್ಟೆಗೆ ಬಂದ ಮೇಲೆ ಸುರಿದುಕೊಳ್ಳಿ.

ಲಾಭ ಏನಾಯಿತು ಅಂತ ಕೇಳುತ್ತೀರಿ ಅಲ್ವಾ? ಮಲಬದ್ಧತೆ ಕಡಿಮೆಯಾಯಿತು, ಅದಂತೂ ಗೊತ್ತಾಗುತ್ತದೆ. ಶುರುವಿನಲ್ಲಿ ಆಸೆಗೆ ಎರಡು ದೊಡ್ಡ ಚಮಚ ಕುಡಿದ ದಿನ ಹೊಟ್ಟೆ ಪೂರ್ತಿ ಸಡಿಲವಾಗಿತ್ತು. ಕೊಲೆಸ್ಟ್ರಾಲ್ ಇದ್ದಲ್ಲೇ ಇದೆ. ಕೂದಲು, ಚರ್ಮದಲ್ಲಿ ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಮೀನೆಣ್ಣೆಗೆ ಸಮ ಅಂತ ಹೇಳಿ ಮಾರುತ್ತಾರೆ, ಅದು ಸರಿಯಲ್ಲ. ಮೀನೆಣ್ಣೆಯಲ್ಲಿರುವುದು ಇಪಿಎ ಮತ್ತು ಡಿಎಚ್‌ಎ ಎಂಬ ಬೇರೆ ಬಗೆಯ ಒಮೆಗಾ-3. ನಮ್ಮ ದೇಹ ಎಎಲ್‌ಎಯನ್ನು ಆ ರೂಪಕ್ಕೆ ಬದಲಿಸಿಕೊಳ್ಳುವುದು ತೀರಾ ಸ್ವಲ್ಪ, ಡಿಎಚ್‌ಎ ಅಂತೂ ಇನ್ನೂ ಕಡಿಮೆ. ಅದೇ ಬೇಕಿದ್ದವರಿಗೆ ಪಾಚಿಯಿಂದ ತೆಗೆದ ಎಣ್ಣೆಯ ಕ್ಯಾಪ್ಸೂಲ್ ಇದೆ. ಎಎಲ್‌ಎ ಮಾತ್ರ ಸಾಕು ಅಂದರೆ ಸಣ್ಣ ಚಮಚವೇ ಧಾರಾಳ: ಅದರಲ್ಲಿ 2 ಗ್ರಾಂ ದಾಟುತ್ತದೆ. ದಿನಕ್ಕೆ ಗಂಡಸರಿಗೆ 1.6 ಗ್ರಾಂ, ಹೆಂಗಸರಿಗೆ 1.1 ಗ್ರಾಂ ಸಾಕು ಅನ್ನುತ್ತಾರೆ. ಜಾಸ್ತಿ ಕುಡಿದರೆ ಕ್ಯಾಲೊರಿಯೂ ಜಾಸ್ತಿ, ದೊಡ್ಡ ಚಮಚಕ್ಕೆ 120. ನಾರಿನಂಶ ಬೀಜದಲ್ಲೇ ಉಳಿಯುತ್ತದೆ, ಎಣ್ಣೆಗೆ ಬರುವುದಿಲ್ಲ. ಅದಕ್ಕೇ ವಾರಕ್ಕೆ ಮೂರು ದಿನ ಎಣ್ಣೆಯ ಜೊತೆಗೆ ಬೀಜದ ಪುಡಿಯನ್ನೂ ತಿನ್ನುತ್ತೇನೆ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಆಪರೇಷನ್ ಹತ್ತಿರವಿರುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಇನ್ನೊಂದು, ಹಾರ್ಡ್‌ವೇರ್ ಅಂಗಡಿಯಲ್ಲಿ ಮರಕ್ಕೆ ಹಚ್ಚಲು ಸಿಗುವ ಲಿನ್‌ಸೀಡ್ ಆಯಿಲ್ ಕೂಡ ಅಗಸೆ ಎಣ್ಣೆಯೇ. ಬೇಗ ಒಣಗಲಿ ಅಂತ ಅದಕ್ಕೆ ಹೆಚ್ಚಾಗಿ ಲೋಹದ ರಾಸಾಯನಿಕ ಸೇರಿಸಿರುತ್ತಾರೆ. ಹೆಸರು ಒಂದೇ ಅಂತ ಅದನ್ನು ಬಾಯಿಗೆ ಹಾಕಬೇಡಿ.

ತೆರೆದ ತಾರೀಕನ್ನು ಬಾಟಲಿ ಮೇಲೆ ಮಾರ್ಕರ್‌ನಲ್ಲಿ ಬರೆಯುತ್ತೇನೆ. ಈಗಿನದಕ್ಕೆ ಇವತ್ತು 32ನೇ ದಿನ. ಬೆಳಿಗ್ಗೆ ಮೂಸಿ ನೋಡಿದೆ, ಇನ್ನೂ ಬೀಜದ ವಾಸನೆಯೇ ಇದೆ.