ತಮ್ಮನ ಯುಡಿಐಡಿ ಕಾರ್ಡ್: ಐದಕ್ಕೆ ಮೂರು ಸ್ಟಾರ್

ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇರುವವರಿಗೂ ಯುಡಿಐಡಿ, ಅಂದರೆ ಸರ್ಕಾರ ಕೊಡುವ ವಿಕಲಚೇತನರ ಕಾರ್ಡ್ ಸಿಗುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಇದು ಇನ್ನೂ ಗೊತ್ತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ನನ್ನ ತಮ್ಮನಿಗೆ ಮಾಡಿಸಿದೆವು. ಕಾರ್ಡಿನ ಬಗ್ಗೆ ನನಗೆ ದೂರಿಲ್ಲ. ಅದನ್ನು ಕೊಡುವ ಮೊದಲು ಒಬ್ಬ ಮನುಷ್ಯನನ್ನು ಅಳೆಯುತ್ತಾರಲ್ಲ, ನನ್ನ ತಕರಾರು ಅದರ ಬಗ್ಗೆ.

ಅರ್ಜಿ ಹಾಕುವುದು ಸುಲಭ. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೋ ಹಾಕಬೇಕು. ನಮಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ವಿಕಲಚೇತನರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಮಾಡಿಕೊಟ್ಟರು. 'ಹಳೇ ಚೀಟಿ ಒಂದನ್ನೂ ಬಿಸಾಕಬೇಡಿ ಅಕ್ಕಾ, ಅದೇ ಸಾಕ್ಷಿ' ಅಂದರು. ಆ ಮಾತು ಎಷ್ಟು ಬೆಲೆಯದು ಅಂತ ಆಮೇಲೆ ಗೊತ್ತಾಯಿತು.

ಆಮೇಲೆ ಅಳತೆಗೆ ಆಸ್ಪತ್ರೆಗೆ ಹೋಗಬೇಕು. ಅದರ ಹೆಸರು ಬೇಡ. ಟೋಕನ್ ಕೊಡುವವನು ನನ್ನ ತಮ್ಮನನ್ನು ಮೇಲಿಂದ ಕೆಳಗೆ ನೋಡಿದ. 'ಯಾರಿಗಮ್ಮ ಸರ್ಟಿಫಿಕೇಟು? ಇವನು ಚೆನ್ನಾಗೇ ಇದ್ದಾನಲ್ಲ?' ನಾನು ಮೆಲ್ಲಗೆ ಕಾಯಿಲೆಯ ಹೆಸರು ಹೇಳಿದೆ. 'ಓ, ಮೆಂಟಲ್ ಕೇಸಾ, ಆ ಕಡೆ ಹೋಗಿ' ಅಂತ ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದ. ಒಂದು ಸ್ಟಾರ್ ಅಲ್ಲೇ ಹೋಯಿತು.

ಒಳಗೆ ಅಳತೆಗೆ ಬಳಸುವುದು 'ಐಡಿಯಾಸ್' ಅನ್ನುವ ಪಟ್ಟಿ. ಭಾರತೀಯ ಮನೋವೈದ್ಯರ ಸಂಘದವರು ಮಾಡಿದ್ದು. ತನ್ನನ್ನು ತಾನು ನೋಡಿಕೊಳ್ಳುತ್ತಾನಾ, ಜನರ ಜೊತೆ ಬೆರೆಯುತ್ತಾನಾ, ಮಾತು ಅರ್ಥ ಮಾಡಿಕೊಂಡು ಮಾತಾಡುತ್ತಾನಾ, ಕೆಲಸ ಮಾಡುತ್ತಾನಾ. ನಾಲ್ಕಕ್ಕೂ 0ಯಿಂದ 4ರವರೆಗೆ ಅಂಕ. ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಕಾಯಿಲೆ ಶುರುವಾಗಿ ಹತ್ತು ವರ್ಷ ದಾಟಿದ್ದರೆ ಅದಕ್ಕೇ 4. ಹಳೇ ಚೀಟಿ ಕೆಲಸಕ್ಕೆ ಬಂದದ್ದು ಇಲ್ಲಿ. ಒಟ್ಟು 7 ಬಂದರೆ ಶೇಕಡಾ 40 ವೈಕಲ್ಯ. ಅದಕ್ಕಿಂತ ಕಮ್ಮಿ ಆದರೆ ಬಹುತೇಕ ಸೌಲಭ್ಯಗಳು ಸಿಗುವುದಿಲ್ಲ.

ಅಮ್ಮನನ್ನು ಕೇಳಿದರು. 'ಏನೂ ತೊಂದರೆ ಇಲ್ಲ ಸಾರ್, ಎಲ್ಲಾ ಅವನೇ ಮಾಡ್ಕೋತಾನೆ' ಅಂದುಬಿಟ್ಟಳು! ನೆಂಟರ ಮುಂದೆ ಇಷ್ಟು ವರ್ಷ ಅದನ್ನೇ ಹೇಳಿ ಹೇಳಿ ಅಭ್ಯಾಸವಾಗಿದೆ, ಪಾಪ. ಆಮೇಲೆ ನಾನು ಬಾಯಿ ಬಿಡಬೇಕಾಯಿತು. ಹೇಳದಿದ್ದರೆ ಸ್ನಾನ ಮಾಡಲ್ಲ, ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಣಿಸಿಕೊಳ್ಳಲ್ಲ, ಯಾರಾದರೂ ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಾನೆ. ಅವನು ಪಕ್ಕದಲ್ಲೇ ಕೂತು ಫೈಲಿನ ಮೂಲೆ ಮಡಿಸುತ್ತಿದ್ದ. ಅಂಕ ಬೇಕಾದರೆ ಮನೆಯವರು ಅವನ ಎದುರಿಗೇ ಅವನ ಕೊರತೆಗಳನ್ನು ಪಟ್ಟಿ ಮಾಡಬೇಕು. ಇದು ಯಾರಿಗೂ ಬೇಡದ ಕೆಲಸ. ನೀವು ಹೋಗುವುದಾದರೆ, ನಮ್ಮ ಜೊತೆ ಬೇರೆಯಾಗಿ ಮಾತಾಡಿ ಅಂತ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ.

ಇನ್ನೊಂದು ವಿಷಯ. ಜನರ ಜೊತೆ ಬೆರೆಯಲ್ಲ ಅಂತ ಅವನಿಗೆ ಅಂಕ ಬಿತ್ತು. ಸರಿ. ಆದರೆ ಮದುವೆಗೆ ಕರೆಯಲು ಬಂದ ನೆಂಟರೊಬ್ಬರು 'ಅವನನ್ನ ಮನೇಲೇ ಬಿಟ್ಟು ಬನ್ನಿ' ಅಂದರಲ್ಲ, ಅದನ್ನು ಯಾವ ಕಾಲಂನಲ್ಲಿ ಬರೆಯುವುದು? ಜನ ಇವನ ಜೊತೆ ಬೆರೆಯದಿದ್ದರೆ ಅಂಕ ಯಾರಿಗೆ ಹಾಕಬೇಕು? ಹಿತ್ತಲಿಗೆ ಹೋಗಿ ನಿಲ್ಲುವುದರಲ್ಲಿ ಕಾಯಿಲೆ ಎಷ್ಟು, ಅವಮಾನ ಎಷ್ಟು ಅಂತ ಈ ಪಟ್ಟಿಗೆ ಗೊತ್ತಾಗುವುದಿಲ್ಲ. ಎರಡನೇ ಸ್ಟಾರ್ ಕಳೆದದ್ದು ಇದಕ್ಕೆ.

ಉಳಿದ ಮೂರರಲ್ಲಿ ಒಂದು ಪೂರ್ತಿ ಅಲ್ಲಿದ್ದ ಸೋಶಿಯಲ್ ವರ್ಕರ್ ಹುಡುಗಿಗೆ. ಹೊರಗೆ ಬೆಂಚಿನ ಮೇಲೆ ಅವನ ಪಕ್ಕ ಕೂತು 'ನಿಮಗೆ ಏನು ಬೇಕು?' ಅಂತ ಕೇಳಿದಳು. ಮನೆಯಲ್ಲಿ ನಾವು ಹಾಗೆ ಯಾರೂ ಕೇಳುವವರಲ್ಲ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಇಷ್ಟೇ ನಮ್ಮ ಮಾತು. ಅವನು ತುಂಬಾ ಹೊತ್ತು ಸುಮ್ನೆ ಇದ್ದ. ಆಮೇಲೆ, 'ಬೆಳಿಗ್ಗೆ ಮಾತ್ರೆ ತಿಂದರೆ ಮಂಪರು ಬರುತ್ತೆ. ಡೈರಿಗೆ ಹಾಲು ನಾನೇ ಹಾಕಬೇಕು' ಅಂದ. ಅವಳು ಒಳಗೆ ಹೋಗಿ ಡಾಕ್ಟರಿಗೆ ಹೇಳಿದಳು. ಅವರು ಮಾತ್ರೆಯನ್ನು ರಾತ್ರಿ ಊಟದ ಮೇಲಕ್ಕೆ ಬದಲಾಯಿಸಿದರು. ಈಗ ಡೈರಿಗೆ ಅವನೇ ಹೋಗುತ್ತಾನೆ, ದಿನಾ ಅಲ್ಲದಿದ್ದರೂ. ತಮಾಷೆ ನೋಡಿ, ಮುಂದಿನ ಸಲ ಅಳೆದರೆ ಇದರಿಂದ ಅಂಕ ಕಮ್ಮಿಯಾಗಬಹುದು! ನಮ್ಮದು ತಾತ್ಕಾಲಿಕ ಸರ್ಟಿಫಿಕೇಟು. ಅವಧಿ ಮುಗಿದ ಮೇಲೆ ಮತ್ತೆ ಅಳತೆ ಇದ್ದೇ ಇದೆ.

ಕಾರ್ಡ್ ಬಂತು, ಹಳದಿ ಪಟ್ಟಿಯದು. ವೈಕಲ್ಯ ಶೇಕಡಾ 40ರಿಂದ 80ರ ಒಳಗಿನವರಿಗೆ ಹಳದಿ, 80 ಮುಟ್ಟಿದರೆ ನೀಲಿ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ ಹಾಕಬೇಕು, ಆದಾಯದ ಮಿತಿಯೂ ಇದೆ. ನನ್ನ ಹಾಗೆ ಸಂಬಳದವರು ತಮ್ಮನನ್ನೋ ತಂಗಿಯನ್ನೋ ಸಾಕುತ್ತಿದ್ದರೆ, ಹಳೇ ತೆರಿಗೆ ಪದ್ಧತಿಯಲ್ಲಿ ತೆರಿಗೆ ಲೆಕ್ಕದ ಆದಾಯದಿಂದ 75,000 ರೂಪಾಯಿ ಕಳೆಯಬಹುದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಕಾರ್ಡಿನ ಮೇಲೆ ವೈಕಲ್ಯ ಯಾವುದು ಅಂತಲೂ ಅಚ್ಚಾಗಿರುತ್ತದೆ. ಅದಕ್ಕೇ ಅಮ್ಮ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಬೇಕಾದಾಗ ಕೇಳಿ ಇಸಕೊಳ್ಳಬೇಕು. ತಂಗಿಗೆ ಗಂಡು ನೋಡುತ್ತಿದ್ದಾರೆ, ಅಲ್ವಾ? ಅಮ್ಮನ ಭಯಕ್ಕೆ ಕಾರಣವಿದೆ. ಆದರೂ ನಾನು ಎರಡು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೇನೆ.

ಹೋಗುವವರು ಎಲ್ಲಾ ಚೀಟಿ, ಡಿಸ್ಚಾರ್ಜ್ ಸಮ್ಮರಿ ವರ್ಷದ ಪ್ರಕಾರ ಜೋಡಿಸಿಕೊಳ್ಳಿ. ಮನೆಯಲ್ಲಿ ನಿಜ ಹೇಳುವವರು ಯಾರೋ ಅವರನ್ನೇ ಕರೆದುಕೊಂಡು ಹೋಗಿ. ಮೊದಲು ಯಾರ ಹತ್ತಿರವಾದರೂ ಕೇಳಿಕೊಳ್ಳಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.