ಕಾಲೇಜು ಫೀಸಿಗೆ ದುಡ್ಡು: ಸ್ಕಾಲರ್‌ಶಿಪ್, ಹಾಸ್ಟೆಲ್, ಬ್ಯಾಂಕ್ ಸಾಲ, ಬಂಗಾರ, ಚೇಣಿ – ಯಾವುದು ವಾಸಿ?

ತೀರ್ಥಹಳ್ಳಿ ಕಡೆಯ ಸಣ್ಣ ಅಡಿಕೆ ತೋಟದ ಮನೆ ನಮ್ಮದು. ನಾನು ಶಿವಮೊಗ್ಗದಲ್ಲಿ ಡಿಗ್ರಿ ಮುಗಿಸಿದೆ, ಈಗ ತಮ್ಮ ಅಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಇಬ್ಬರ ಓದಿಗೂ ದುಡ್ಡು ಹೊಂದಿಸುವಾಗ ಇದ್ದಬದ್ದ ದಾರಿಗಳನ್ನೆಲ್ಲ ನೋಡಿದ್ದಾಯಿತು. ಪಿಯುಸಿ ರಿಸಲ್ಟ್ ಬಂದ ಮೇಲೆ ಊರಿನವರು ಕೇಳುವುದು, "ಯಾವುದ್ರಲ್ಲಿ ಜಾಸ್ತಿ ಸಿಗುತ್ತೆ?" ಅಂತ. ಎಷ್ಟು ಸಿಗುತ್ತೆ ಅನ್ನುವುದಕ್ಕಿಂತ ಯಾವಾಗ ಸಿಗುತ್ತೆ ಅಂತ ನೋಡಿ ಅನ್ನುತ್ತೇನೆ ನಾನು. ಫೀಸು ಕಟ್ಟುವುದು ಮಳೆಗಾಲದಲ್ಲಿ. ಅಡಿಕೆ ದುಡ್ಡು ಬರುವುದು ಚಳಿಗಾಲದಲ್ಲಿ. ಸ್ಕಾಲರ್‌ಶಿಪ್ ಬರುವುದು ಅದಕ್ಕೆ ಮನಸ್ಸು ಬಂದಾಗ.

ಮೊದಲು ಸ್ಕಾಲರ್‌ಶಿಪ್ಪೇ ನೋಡೋಣ. ರಾಜ್ಯ ಸರ್ಕಾರದ ಹೆಚ್ಚಿನವಕ್ಕೆ ಎಸ್‌ಎಸ್‌ಪಿ (ರಾಜ್ಯ ಸ್ಕಾಲರ್‌ಶಿಪ್) ಪೋರ್ಟಲ್‌ನಲ್ಲೇ ಅರ್ಜಿ. ಖರ್ಚಿಲ್ಲ, ವಾಪಸ್ ಕಟ್ಟೋದೂ ಇಲ್ಲ. ಹಾಗಾಗಿ ಹಾಕಬೇಕೋ ಬೇಡವೋ ಅನ್ನೋ ಪ್ರಶ್ನೆಯೇ ಇಲ್ಲ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ – ಇಷ್ಟು ಸರಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ತಕರಾರು ಹುಟ್ಟುವುದು ಸಣ್ಣ ವಿಷಯಕ್ಕೆ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಇನ್ನೊಂದು, ದುಡ್ಡು ಹೋಗುವುದು ಎಲ್ಲಕ್ಕಿಂತ ಇತ್ತೀಚೆಗೆ ಆಧಾರ್ ಜೋಡಿಸಿದ ಖಾತೆಗೆ. ಹೊಸ ಸಿಮ್ ತಗೊಳ್ಳುವಾಗ ಅಂಗಡಿಯವನು ತೆರೆದುಕೊಟ್ಟ ಮೊಬೈಲ್ ಖಾತೆಗೆ ಸ್ಕಾಲರ್‌ಶಿಪ್ ಹೋಗಿ ಕೂತಿದ್ದು ಗೊತ್ತಾಗದೆ ತಿಂಗಳುಗಟ್ಟಲೆ ಕಾದವರು ನಮ್ಮ ಕ್ಲಾಸಿನಲ್ಲೇ ಇದ್ದರು.

ನನಗೆ ಸಿಕ್ಕಿದ್ದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ. ಡಿಗ್ರಿ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಎಂಜಿನಿಯರಿಂಗ್, ಮೆಡಿಕಲ್‌ಗೆ 10,000 ಮತ್ತು 11,000. ಇದಕ್ಕೆ ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕು, ಅಂದರೆ ಪಹಣಿ ಅವರ ಹೆಸರಿನಲ್ಲಿರಬೇಕು. ಮಲೆನಾಡಿನಲ್ಲಿ ಎಷ್ಟೋ ತೋಟದ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ದಾಯಾದಿಗಳು ಒಂದು ಕಡೆ ಕೂತು ಪೌತಿ ಖಾತೆ (ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ) ಮಾಡಿಸುವ ಹೊತ್ತಿಗೆ ಮಕ್ಕಳ ಓದು ಮುಗಿದಿರುತ್ತದೆ. ಮಗ ಹೈಸ್ಕೂಲಿನಲ್ಲಿ ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಸರ್ಕಾರಿ ಡಿಗ್ರಿ ಕಾಲೇಜಾದರೆ ಇಂಥ ಮೊತ್ತಕ್ಕೆ ಒಂದು ತೂಕ ಇದೆ, ಫೀಸೇ ಕಡಿಮೆ. ತಮ್ಮನ ಎಂಜಿನಿಯರಿಂಗ್‌ಗೆ ಅದು ಪುಸ್ತಕ, ಲ್ಯಾಬಿಗೆ ಸರಿಹೋಗುತ್ತದೆ ಅಷ್ಟೆ. ಅದೂ ಫೀಸು ಕಟ್ಟಿ ಎಷ್ಟೋ ಕಾಲ ಆದ ಮೇಲೆ. ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲೇ ಓದಿದ್ದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ನೋಡಿ. ವರ್ಷಕ್ಕೆ 30,000. ನನ್ನ ಕಾಲಕ್ಕೆ ಅದು ಇರಲಿಲ್ಲ, ಹೊಟ್ಟೆಕಿಚ್ಚು ಆಗದೆ ಇರುತ್ತಾ?

ಹಾಸ್ಟೆಲ್ ದುಡ್ಡು ಕೊಡುವುದಿಲ್ಲ, ಖರ್ಚನ್ನೇ ಇಲ್ಲದಂತೆ ಮಾಡುತ್ತದೆ. ನನ್ನ ಲೆಕ್ಕದಲ್ಲಿ ಇದಕ್ಕೇ ಮೊದಲ ಸ್ಥಾನ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ನಲ್ಲಿ ಊಟ, ವಸತಿ ಎರಡೂ ಉಚಿತ. ನಾನು ಇದ್ದ ಕೋಣೆಯಲ್ಲಿ ಮಂಚಕ್ಕಿಂತ ಹುಡುಗಿಯರೇ ಜಾಸ್ತಿ, ಮಳೆಗಾಲದಲ್ಲಿ ಒಗೆದ ಚೂಡಿದಾರ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಆದರೆ ತಿಂಗಳ ಕೊನೆಗೆ ಬಾಡಿಗೆ ಕೇಳುವವರು ಯಾರೂ ಇಲ್ಲ. ಅದರ ಸುಖ ಪಿಜಿಯಲ್ಲಿ ಇದ್ದವರನ್ನು ಕೇಳಿ. ತಮ್ಮನಿಗೆ ಹಾಸ್ಟೆಲ್ ಸೀಟು ಆಗಲಿಲ್ಲ. ಹಾಗೆ ಸೀಟು ಸಿಗದವರಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಒಟ್ಟು 15,000. ಶಿವಮೊಗ್ಗದಲ್ಲಿ ಆ 1,500ಕ್ಕೆ ಊಟ, ರೂಮು ಎರಡೂ ಆಗೋ ಮಾತಲ್ಲ. ಮೂವರು ಸೇರಿ ರೂಮು ಮಾಡಿ, ಮನೆಯಿಂದ ಅಕ್ಕಿ, ತೆಂಗಿನಕಾಯಿ ಒಯ್ದರೆ ಬಾಡಿಗೆಗೆ ಒಂದು ಆಸರೆ ಆಗುತ್ತದೆ, ಅಷ್ಟೇ.

"ಬಸ್ಸು ಫ್ರೀ ಅಲ್ವಾ, ದಿನಾ ಓಡಾಡಬಹುದಲ್ಲ" ಅನ್ನುವವರಿಗೆ ಒಂದು ಮಾತು. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ, ಅದೂ ಸರ್ಕಾರಿ ಬಸ್ಸಿನಲ್ಲಿ. ನಮ್ಮ ಕಡೆ ರಸ್ತೆ ತುಂಬ ಓಡುವುದು ಪ್ರೈವೇಟ್ ಬಸ್ಸು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೆಚ್ಚು ಕಡಿಮೆ ಅರವತ್ತು ಕಿಲೋಮೀಟರ್. ಹಳ್ಳಿಯಿಂದ ತೀರ್ಥಹಳ್ಳಿಗೆ ಬರೋದು ಬೇರೆ. ದಿನಾ ಆಗೋದಲ್ಲ.

ಇನ್ನು ಸಾಲ. ಇದರಲ್ಲಿ ಎರಡು ದಾರಿ: ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಸಾಲ, ಬ್ಯಾಂಕಿನ ಶಿಕ್ಷಣ ಸಾಲ. ಅರಿವು ಸಿಇಟಿ ಮೂಲಕ ಸೀಟು ಸಿಕ್ಕ ಹಿಂದುಳಿದ ವರ್ಗದವರಿಗೆ. ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಶೇ 2. ಇಷ್ಟು ಅಗ್ಗದ ಸಾಲ ಎಲ್ಲೂ ಇಲ್ಲ. ಆದರೆ ಪಟ್ಟಿಯಲ್ಲಿ ಹೆಸರು ಬರಬೇಕು, ಬಂದ ಮೇಲೂ ಕಾಯಬೇಕು. ಇತ್ತ ಸಿಇಟಿಯಲ್ಲಿ ಸೀಟು ಹಂಚಿಕೆಯಾಗಿ ಚಾಯ್ಸ್ 1 (ಈ ಸೀಟೇ ಸಾಕು ಅಂತ) ಒತ್ತಿದರೆ ಫೀಸು ಕಟ್ಟಲು ಸಿಗುವುದು ಕೆಲವೇ ದಿನ.

ಬ್ಯಾಂಕಿನದು ಬೇರೆ ಕತೆ. ನಾವು ಮೊದಲು ಹೋದ ಬ್ಯಾಂಕಿನಲ್ಲಿ ಕೇಳಿದ್ದು 4 ಲಕ್ಷಕ್ಕೂ ಕಡಿಮೆ. ಆದರೂ ಮ್ಯಾನೇಜರು, "ತೋಟದ ಪಹಣಿ ತನ್ನಿ ಯಜಮಾನ್ರೇ, ಜಾಮೀನು ಇಲ್ಲದೆ ಆಗಲ್ಲ" ಅಂದರು. ಅಪ್ಪ ಎದ್ದು ಹೊರಟೇಬಿಟ್ಟಿದ್ದರು. ನಿಯಮ ಹಾಗಿಲ್ಲ. 4 ಲಕ್ಷದವರೆಗೆ ಆಸ್ತಿ ಅಡಮಾನವೂ ಬೇಡ, ನಮ್ಮ ಕೈಯಿಂದ ಹಾಕುವ ಪಾಲೂ ಬೇಡ. ಸರ್ಕಾರದ ಖಾತರಿ ನಿಧಿ ಇರುವುದರಿಂದ ಏಳೂವರೆ ಲಕ್ಷದವರೆಗೂ ಅಡಮಾನವಿಲ್ಲದೆ ಕೊಡಬಹುದು. ಆಮೇಲೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಬೇರೆ ಬ್ಯಾಂಕಿಗೆ ಹೋದೆವು. ಪೋರ್ಟಲ್ ಅರ್ಜಿಗೆ ನಂಬರ್ ಇರುತ್ತದೆ, ಬಾಯಿಮಾತಿನಲ್ಲಿ "ಆಗಲ್ಲ" ಅಂತ ಕಳಿಸುವುದು ಅಷ್ಟು ಸುಲಭ ಅಲ್ಲ. ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸಾದರೆ ಓದುವಷ್ಟು ಕಾಲ ಮತ್ತು ಆಮೇಲೆ ಒಂದು ವರ್ಷದ ಬಡ್ಡಿಯನ್ನು ಕೇಂದ್ರವೇ ತುಂಬುವ ಸಬ್ಸಿಡಿಯೂ ಇದೆ. ಅದನ್ನು ಸಾಲ ಮಂಜೂರಾಗುವಾಗಲೇ ಬಾಯಿಬಿಟ್ಟು ಕೇಳಬೇಕು, ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇದೆಯಾ ಅಂತಲೂ ನೋಡಿಕೊಳ್ಳಬೇಕು.

ಬ್ಯಾಂಕ್ ಸಾಲಕ್ಕೆ ಓಡಾಟ ಇರುವುದೆಲ್ಲ ಮೊದಲ ವರ್ಷ. ಒಮ್ಮೆ ಮಂಜೂರಾದರೆ ಎರಡನೇ ವರ್ಷದಿಂದ ಫೀಸು ನೇರ ಕಾಲೇಜಿಗೆ ಹೋಗುತ್ತದೆ. ಅರಿವಿಗಿಂತ ಬಡ್ಡಿ ಜಾಸ್ತಿ ಇದ್ದರೂ ನಾನು ಬ್ಯಾಂಕಿಗೇ ಹೆಚ್ಚು ಅಂಕ ಕೊಡುವುದು ಈ ಕಾರಣಕ್ಕೆ. ಸೀಟು ಆಯ್ಕೆ ಮಾಡುವಾಗ ಎಸ್‌ಎನ್‌ಕ್ಯೂ (ಹೆಚ್ಚುವರಿ ಸೀಟುಗಳ) ಕೋಟಾವನ್ನೂ ಮರೆಯಬೇಡಿ. ಮನೆಯ ಆದಾಯ 8 ಲಕ್ಷದೊಳಗಿದ್ದರೆ ಟ್ಯೂಷನ್ ಫೀಸು ಮಾಫಿ. ಇರುವುದು ಶೇ 5ರಷ್ಟು ಸೀಟು ಮಾತ್ರ, ಒಳ್ಳೆ ರ್‍ಯಾಂಕ್ ಬೇಕು. ತಮ್ಮನಿಗೆ ಆಗಲಿಲ್ಲ.

ಹಾಗಾದರೆ ಸೀಟು ಸಿಕ್ಕ ಮೇಲೆ ಫೀಸು ಕಟ್ಟಲು ಇರುವ ಆ ಕೆಲವೇ ದಿನಕ್ಕೆ ಏನು ಗತಿ? ನಮ್ಮ ಮನೆಯಲ್ಲಿ ಅಮ್ಮನ ಸರ. ಬ್ಯಾಂಕಿನಲ್ಲಿ ಬಂಗಾರ ಅಡ ಇಟ್ಟರೆ ತೂಕ ಮಾಡಿ, ಹರಳಿನ ತೂಕ ಕಳೆದು, ಸಹಿ ಹಾಕಿಸಿಕೊಂಡು ಅವತ್ತೇ ದುಡ್ಡು ಕೊಡುತ್ತಾರೆ. ಅಡಿಕೆ ಮಾರಿದ ಮೇಲೆ ಬಿಡಿಸಿಕೊಂಡರೆ ಬಡ್ಡಿ ಮೂರ್ನಾಲ್ಕು ತಿಂಗಳದ್ದು ಮಾತ್ರ. ಆ ಅವಧಿಗೆ ಬಂಗಾರವೇ ವಾಸಿ. ಆದರೆ ನಾಲ್ಕೂ ವರ್ಷಕ್ಕೆ ಅದನ್ನೇ ನಂಬಿದರೆ ಸರ ಮನೆಗೆ ಬರೋದಿಲ್ಲ.

ಊರಿನಲ್ಲಿ ಬಹಳ ಜನ ಮಾಡುವುದು ಚೇಣಿ, ಅಂದರೆ ಕೊಯ್ಲಿಗೆ ಮೊದಲೇ ಮುಂಗಡ ತಗೊಂಡು ಮರದ ಮೇಲಿನ ಬೆಳೆಯನ್ನು ಗುತ್ತಿಗೆಗೆ ಕೊಡುವುದು. ನನ್ನ ಪಟ್ಟಿಯಲ್ಲಿ ಕಟ್ಟಕಡೆಗೆ ಇರುವುದೂ ಅದೇ. ಚಿಕ್ಕಪ್ಪನ ತೋಟದಲ್ಲಿ ನೋಡಿದ್ದೇನೆ. ಆಗಸ್ಟ್‌ನ ಜಡಿಮಳೆಯಲ್ಲಿ ಚೇಣಿಯವರು ಕೊಡೆ ಹಿಡಿದು ಬರುತ್ತಾರೆ. ನಾಲ್ಕು ಮರದ ಕೆಳಗೆ ನಿಂತು ತಲೆ ಎತ್ತಿ ಅಡಿಕೆ ಗೊನೆ ನೋಡುತ್ತಾರೆ, ಉದುರಿದ ಎರಡು ಕಾಯಿ ಹೆಕ್ಕಿ ಅಂಗೈಯಲ್ಲಿ ಇಟ್ಟು, "ಕೊಳೆ ರೋಗ ಶುರುವಾಗಿದೆಯಲ್ಲ" ಅನ್ನುತ್ತಾರೆ. ಅಲ್ಲಿಗೆ ರೇಟು ಇಳಿಯಿತು. ಈಗ ಎಲೆಚುಕ್ಕಿ ರೋಗದ ನೆಪವೂ ಸೇರಿದೆ. ಮುಂಗಡ ಕೈಗೆ ಬರುತ್ತದೆ, ಫೀಸೂ ಕಟ್ಟಬಹುದು, ಆದರೆ ಒಂದು ವರ್ಷದ ಫೀಸಿಗೆ ಇಡೀ ಬೆಳೆಯ ಲಾಭ ಹೋಗುತ್ತದೆ. ಮ್ಯಾಮ್‌ಕೋಸ್‌ನಂಥ ಅಡಿಕೆ ಮಾರಾಟ ಸಹಕಾರ ಸಂಘದಲ್ಲಿ ಅಡಿಕೆ ಇಟ್ಟು ಮುಂಗಡ ತೆಗೆಯುವುದು ಎಷ್ಟೋ ಮೇಲು. ಆದರೆ ಆಗಸ್ಟ್‌ನಲ್ಲಿ ಇಡೋಕೆ ಹಳೇ ಅಡಿಕೆ ಉಳಿದಿರಬೇಕಲ್ಲ!

ದುಡಿದು ಓದೋದು ಅಂತ ಒಂದಿದೆ. ತಮ್ಮ ಶಿವಮೊಗ್ಗದ ಮದುವೆ ಛತ್ರಗಳಲ್ಲಿ ಬಡಿಸಲು ಹೋಗುತ್ತಾನೆ, ಊರಿಗೆ ಬಂದಾಗ ಅಡಿಕೆ ಸುಲಿಯುತ್ತಾನೆ. ಮೊಬೈಲ್ ರೀಚಾರ್ಜು, ಝೆರಾಕ್ಸು, ಬಸ್ ಚಾರ್ಜು ಅದರಲ್ಲಿ ಕಳೆಯುತ್ತದೆ. ಫೀಸು ಅದರಲ್ಲಿ ಹುಟ್ಟುವುದಿಲ್ಲ. ಸುಲಿಯುವ ಸೀಸನ್ನೂ ಸೆಮಿಸ್ಟರ್ ಪರೀಕ್ಷೆಯೂ ಒಟ್ಟಿಗೇ ಬರುತ್ತವೆ. ಆ ತಿಂಗಳು ಮಾತ್ರ ಮೆಟ್ಟುಗತ್ತಿ ಮುಟ್ಟಬೇಡ ಅಂತ ಅವನಿಗೆ ಹೇಳಿದ್ದೇನೆ. ಕೆಲವು ಸ್ಕಾಲರ್‌ಶಿಪ್ ಮುಂದಿನ ವರ್ಷವೂ ಬರಬೇಕಾದರೆ ಮಾರ್ಕ್ಸು, ಹಾಜರಿ ಎರಡನ್ನೂ ಕೇಳುತ್ತಾರೆ.