ಗ್ರೇಡಲ್ ಪ್ರಾಡಕ್ಟ್ ಫ್ಲೇವರ್: ವರ್ಷಗಟ್ಟಲೆ ಬಳಸಿದ ಮೇಲೆ ಅನಿಸಿದ್ದು

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ವ್ಯಾಪಾರಿಗಳಿಗೆ ನಮ್ಮ ಸಣ್ಣ ತಂಡ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದೆ. ಚೀಲ, ತೂಕ, ಹಮಾಲಿ, ರೈತರಿಗೆ ಕೊಡಬೇಕಾದ ದುಡ್ಡು ಎಲ್ಲದರ ಲೆಕ್ಕ ಅದರಲ್ಲೇ. ಟೆಸ್ಟಿಂಗ್ ಸರ್ವರ್ ಬೇರೆ, ಅಸಲಿ ಲೆಕ್ಕದ ಸರ್ವರ್ ಬೇರೆ. ಎರಡೂ ಒಂದಕ್ಕೊಂದು ಬೆರೆಯದಂತೆ ನೋಡಿಕೊಳ್ಳಲು ಮೊದಲಿನಿಂದಲೂ ನೆಚ್ಚಿಕೊಂಡಿರುವುದು ಆಂಡ್ರಾಯ್ಡ್ ಆ್ಯಪ್ ಕಟ್ಟುವ ಗ್ರೇಡಲ್ ಟೂಲ್‌ನ ಪ್ರಾಡಕ್ಟ್ ಫ್ಲೇವರ್ ಅನ್ನು, ಅಂದರೆ ಒಂದೇ ಕೋಡ್‌ನಿಂದ ಆ್ಯಪ್‌ನ ಬೇರೆ ಬೇರೆ ರೂಪ ತಯಾರಿಸುವ ಸೌಲಭ್ಯವನ್ನು. ಈ ಕೆಲಸಕ್ಕೆ ಇದು ನಿಜಕ್ಕೂ ಒಳ್ಳೆಯದು. ಗುಟ್ಟು ಮುಚ್ಚಿಡಲು ಮಾತ್ರ ಬಳಸಬೇಡಿ.

ನನಗೆ ಜಾಸ್ತಿ ಇಷ್ಟವಾದದ್ದು ಅಪ್ಲಿಕೇಶನ್ ಐಡಿ ಸಫಿಕ್ಸ್. ಫೋನ್ ಒಂದು ಆ್ಯಪ್ ಅನ್ನು ಗುರುತಿಸುವ ಹೆಸರೇ ಅಪ್ಲಿಕೇಶನ್ ಐಡಿ. ಟೆಸ್ಟ್ ಫ್ಲೇವರ್‌ನ ಐಡಿ ಕೊನೆಗೆ ಒಂದು ಬಾಲ ಸೇರಿಸಿದರೆ ಸಾಕು, ಫೋನ್ ಅದನ್ನು ಬೇರೆ ಆ್ಯಪ್ ಎಂದೇ ತಿಳಿಯುತ್ತದೆ, ಹಾಗಾಗಿ ಎರಡೂ ಒಂದೇ ಫೋನಿನಲ್ಲಿ ಅಕ್ಕಪಕ್ಕ ಕೂರುತ್ತವೆ. ಫ್ಲೇವರ್ ಹೆಸರಿನ ಫೋಲ್ಡರ್‌ನಲ್ಲಿ ಬೇರೆ ಐಕಾನ್ ಇಟ್ಟರೆ ಬಿಲ್ಡ್ ಅದನ್ನೇ ಎತ್ತಿಕೊಳ್ಳುತ್ತದೆ. ನಮ್ಮ ಟೆಸ್ಟ್ ಐಕಾನ್ ಹಳದಿ, ಅಸಲಿಯದು ಹಸಿರು. ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಗುಮಾಸ್ತರಿಗೆ ಸರ್ವರ್ ವಿಳಾಸ ಓದುವಷ್ಟು ಪುರುಸೊತ್ತು ಎಲ್ಲಿರುತ್ತದೆ? ಬಣ್ಣ ನೋಡಿದರೆ ತಿಳಿಯಬೇಕು, ತಿಳಿಯುತ್ತದೆ.

ಸರ್ವರ್ ವಿಳಾಸವನ್ನು ಬಿಲ್ಡ್‌ಕಾನ್ಫಿಗ್ ಫೀಲ್ಡ್‌ನಲ್ಲಿ ಕೊಡುತ್ತೇವೆ. ಬಿಲ್ಡ್‌ಕಾನ್ಫಿಗ್ ಅಂದರೆ ಇಂಥ ವಿವರಗಳನ್ನು ಆ್ಯಪ್‌ನ ಕೋಡ್‌ಗೆ ತಲುಪಿಸಲು ಬಿಲ್ಡ್ ವೇಳೆ ತಯಾರಾಗುವ ಕ್ಲಾಸ್. ಇಲ್ಲಿ ಒಂದು ಕಿರಿಕಿರಿ ಇದೆ. ನೀವು ಬರೆದದ್ದು ಹಾಗೆಯೇ ಜಾವಾ ಕೋಡ್ ಆಗುವುದರಿಂದ ಸ್ಟ್ರಿಂಗ್ (ಅಕ್ಷರಗಳ ಪಠ್ಯ) ಕೊಡುವಾಗ ಕೋಟ್ ಒಳಗೆ ಇನ್ನೊಂದು ಕೋಟ್ ಹಾಕಬೇಕು, ಬಿಟ್ಟರೆ ಎರರ್ ಬರುವುದು ನೀವು ಬರೆದ ಫೈಲ್‌ನಲ್ಲಲ್ಲ, ಗ್ರೇಡಲ್ ತಾನಾಗಿ ತಯಾರಿಸಿದ ಫೈಲ್‌ನಲ್ಲಿ. ಹೊಸಬರು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಅದರ ಮೇಲೆ 2023ರಲ್ಲಿ ಬಂದ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.0ರಿಂದ ಬಿಲ್ಡ್‌ಕಾನ್ಫಿಗ್ ತಾನಾಗಿ ಹುಟ್ಟುವುದಿಲ್ಲ. ಗ್ರೇಡಲ್ ಫೈಲ್‌ನ ಬಿಲ್ಡ್ ಫೀಚರ್ಸ್‌ನಲ್ಲಿ ನೀವೇ ಆನ್ ಮಾಡಬೇಕು.

3 ಫ್ಲೇವರ್ ಇದ್ದರೆ, ಪ್ರತಿಯೊಂದಕ್ಕೂ ಡೀಬಗ್ ಮತ್ತು ರಿಲೀಸ್ ಎಂದು ಎರಡೆರಡು ಬಿಲ್ಡ್ ಬಂದು 6 ವೇರಿಯಂಟ್ ಆಗುತ್ತವೆ. ಬೇಡದ್ದನ್ನು ಗ್ರೇಡಲ್ ಫೈಲ್‌ನ ಬಿಫೋರ್‌ವೇರಿಯಂಟ್ಸ್‌ನಲ್ಲಿ ಆಫ್ ಮಾಡಿಬಿಡಿ.

ಈಗ ಗುಟ್ಟಿನ ವಿಷಯ. ಬಿಲ್ಡ್‌ಕಾನ್ಫಿಗ್‌ನಲ್ಲಿ ಇಟ್ಟದ್ದೆಲ್ಲ ಎಪಿಕೆ (ಫೋನಿನಲ್ಲಿ ಇನ್‌ಸ್ಟಾಲ್ ಮಾಡುವ ಆ್ಯಪ್ ಫೈಲ್) ಒಳಗೇ ಹೋಗುತ್ತದೆ. ಎಪಿಕೆ ಬಿಚ್ಚಿ ಕೋಡ್ ತೋರಿಸುವ ಜಾಡೆಕ್ಸ್‌ನಂಥ ಟೂಲ್ ಇದ್ದರೆ ಯಾರು ಬೇಕಾದರೂ ತೆರೆದು ಓದಬಹುದು. ಪೇಮೆಂಟ್‌ನ ಸೀಕ್ರೆಟ್ ಕೀ ಅಲ್ಲಿಟ್ಟರೆ ರೈತರ ದುಡ್ಡನ್ನೇ ಬೀದಿಯಲ್ಲಿ ಇಟ್ಟ ಹಾಗೆ ಅಲ್ವಾ? ಅದು ಸರ್ವರ್‌ನಲ್ಲೇ ಇರಬೇಕು. ಆ್ಯಪ್‌ಗೆ ಸಹಿ ಹಾಕುವ ಕೀಸ್ಟೋರ್‌ನ (ಕೀ ಇಡುವ ಫೈಲ್‌ನ) ಪಾಸ್‌ವರ್ಡ್ ಕೂಡ ತಂಡದ ಕೋಡ್ ಕೂಡಿಡುವ ಗಿಟ್‌ಗೆ ಹೋಗಬಾರದು. ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿಯಾದ ಗಿಟ್‌ಇಗ್ನೋರ್‌ನಲ್ಲಿ ಸೇರಿಸಿದ ಲೋಕಲ್ ಪ್ರಾಪರ್ಟೀಸ್ ಫೈಲ್‌ನಲ್ಲೋ ಬಿಲ್ಡ್ ಮಶೀನಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲೋ ಇಡಿ.

ಇನ್ನೊಂದು ಕೊರತೆ ಫ್ಲೇವರ್‌ನ ಹುಟ್ಟುಗುಣ. ಟೆಸ್ಟ್ ಮಾಡಿದ ಎಪಿಕೆ ಬೇರೆ, ಜನರ ಕೈಗೆ ಹೋಗುವ ಬಿಲ್ಡ್ ಬೇರೆ. ಸರ್ವರ್‌ನಲ್ಲಿ ಓಡುವ ನಮ್ಮ ಬ್ಯಾಕೆಂಡ್‌ನಲ್ಲಿ ಈ ತಾಪತ್ರಯ ಇಲ್ಲ, ಒಂದೇ ಬಿಲ್ಡ್ ಎಲ್ಲ ಕಡೆ ಓಡುತ್ತದೆ, ವಿಳಾಸಗಳು ಹೊರಗಿನಿಂದ ಬರುತ್ತವೆ. ಫೋನಿನ ಆ್ಯಪ್‌ಗೆ ಅದು ಅಷ್ಟು ಸುಲಭವಲ್ಲ. ಅದಕ್ಕೆ ಹಳದಿ ಐಕಾನ್‌ನಲ್ಲಿ ಎಲ್ಲ ಸರಿ ಬಂದರೂ ಹಸಿರಿನ ರಿಲೀಸ್ ಬಿಲ್ಡ್ ಅನ್ನು ಪ್ಲೇ ಸ್ಟೋರ್‌ನಲ್ಲಿ ಆಯ್ದ ಕೆಲವರಿಗಷ್ಟೇ ಸಿಗುವ ಇಂಟರ್ನಲ್ ಟೆಸ್ಟಿಂಗ್‌ಗೆ ಹಾಕಿ, ಒಬ್ಬ ವ್ಯಾಪಾರಿಯ ಕೈಯಲ್ಲಿ ಒಂದು ಲೋಡಿನ ಲೆಕ್ಕ ಪೂರ್ತಿ ಮಾಡಿಸಿ, ಆಮೇಲೆ ಎಲ್ಲರಿಗೂ ಬಿಡುತ್ತೇವೆ.